ತ್ಸುಗಾರು ಸೀಮೆಗೆ ವಿಜಯಪುರದ ಮಾತು

ಅತ್ತೆಗೆ ಮೊಣಕಾಲಿನ ಆಪರೇಷನ್ ಆದ ಚಳಿಗಾಲದಲ್ಲಿ ಲಂಡನ್ನಿನ ನಮ್ಮ ಎಜ್‌ವೇರ್ ಮನೆಯ ಟಿವಿ ಜಪಾನಿನ ಪಾಲಾಯಿತು. ಕಾರಣ ನನ್ನ ಮಗಳು. ಅವಳು ಇಲ್ಲಿಯ ಒಂದು ಯೂನಿವರ್ಸಿಟಿಯಲ್ಲಿ ಜಪಾನಿ ಭಾಷೆ ಓದುತ್ತಾಳೆ. ನನ್ನ ಗಂಡ ಪಾರ್ಕ್ ರಾಯಲ್‌ನಲ್ಲಿ ಸಿದ್ಧ ಊಟ ತಯಾರಿಸುವ ಫ್ಯಾಕ್ಟರಿಗೆ ಬೆಳಗಾಗುವ ಮೊದಲೇ ಹೊರಡುತ್ತಾರೆ. ನಾನು ಕ್ಯಾನರಿ ವಾರ್ಫ್‌ನ ಆಫೀಸಿಗೆ ಹೋಗುತ್ತೇನೆ. ಹಾಗಾಗಿ ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರೇ. ಸೋಫಾದ ಮೇಲೆ ಕಾಲು ಚಾಚಿ ಕೂತ ಅಜ್ಜಿ, ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂತ ಮೊಮ್ಮಗಳು.

ಅತ್ತೆ ವಿಜಯಪುರದವರು. ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮಲ್ಲಿಗೆ ಬಂದವರು ಇಲ್ಲೇ ನೆಲೆಸಿದರು. ನಾನು ಮೈಸೂರಿನವಳು. ಮಗಳಿಗೆ ನಮ್ಮಿಬ್ಬರ ಕನ್ನಡವೂ ಚೆನ್ನಾಗಿ ಅರ್ಥವಾಗುತ್ತಿತ್ತು, ಆದರೆ ಬಾಯಿ ಬಿಟ್ಟರೆ ಇಂಗ್ಲಿಷು. "ಆಯಿ, ಡೂ ಯು ವಾಂಟ್ ಟೀ?" ಎಂದು ಇವಳು ಕೇಳುವಳು. "ಅರ್ಧಾ ಕಪ್ಪ ಕೊಡವಾ" ಎಂದು ಅವರು ಹೇಳುವರು. ಇಂಥ ಮಾತುಕತೆಯಲ್ಲೇ ವರ್ಷಗಳು ಕಳೆದಿದ್ದವು. ಇಬ್ಬರಿಗೂ ಅದರಿಂದ ಏನೂ ತೊಂದರೆ ಇದ್ದಂತೆ ಕಾಣಲಿಲ್ಲ. ಮಗಳು ಕನ್ನಡ ಮಾತಾಡಬೇಕೆಂದು ನಾನು ಆಸೆಪಟ್ಟದ್ದುಂಟು, ಹಠ ಮಾಡಿದ್ದಿಲ್ಲ.

ಆ ಚಳಿಗಾಲ ಮಗಳಿಗೆ ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟಿದ್ದರು. ಜಪಾನಿನ ಯಾವುದಾದರೂ ಒಂದು ಸೀಮೆಯನ್ನು ಆರಿಸಿಕೊಂಡು, ಅಲ್ಲಿ ನಡೆಯುವ ಸಿನಿಮಾ ಮತ್ತು ಟಿವಿ ಧಾರಾವಾಹಿಗಳನ್ನು ನೋಡಿ, ಆ ಸೀಮೆಯನ್ನು ತೆರೆಯ ಮೇಲೆ ಹೇಗೆ ತೋರಿಸುತ್ತಾರೆ ಎಂದು ಬರೆಯಬೇಕಿತ್ತು. ಜೊತೆಯವರೆಲ್ಲ ಕ್ಯೋಟೊ, ಒಕಿನಾವಾ ಎಂದು ಹೆಸರು ಕೇಳಿದ ಜಾಗಗಳನ್ನು ಆರಿಸಿಕೊಂಡರು. ಇವಳು ಆರಿಸಿದ್ದು ತ್ಸುಗಾರು. ಜಪಾನಿನ ದೊಡ್ಡ ದ್ವೀಪದ ಉತ್ತರ ತುದಿಯ ಸೀಮೆ ಅದು. ಸೇಬಿನ ತೋಟಗಳು, ಮನೆಯ ಮಾಡಿನವರೆಗೆ ಏರುವ ಹಿಮ, ಉಪ್ಪು ಹಾಕಿಟ್ಟ ಮೂಲಂಗಿ. ಅಲ್ಲಿಯವರ ಮಾತು ಟೋಕಿಯೋದವರಿಗೇ ಅರ್ಥವಾಗುವುದಿಲ್ಲವಂತೆ. ಇವಳ ಟೀಚರ್ ಆ ಕಡೆಯವರೇ. "ಕಷ್ಟ ಆಗುತ್ತೆ, ಯೋಚನೆ ಮಾಡು" ಎಂದು ಅವರು ಹೇಳಿದ್ದೇ ತಡ, ಇವಳು ಅದನ್ನೇ ಹಿಡಿದಳು. ಆ ಗುಣ ಅವಳಿಗೆ ಯಾರಿಂದ ಬಂತೆಂದು ಸೋಫಾದ ಮೇಲೆ ಕೂತಿದ್ದವರನ್ನು ನೋಡಿದರೆ ತಿಳಿಯುತ್ತಿತ್ತು.

ಮೊದಮೊದಲು ಅತ್ತೆ ಸುಮ್ಮನೆ ನೋಡುತ್ತಿದ್ದರು. ಹೊರಗೆ ಹೋಗುವ ಹಾಗಿರಲಿಲ್ಲ. ಕನ್ನಡದ ಧಾರಾವಾಹಿಗಳು ಅವರಿಗೆ ಬೇಸರ ತಂದಿದ್ದವು. "ಬರೀ ಸೀರಿ, ಬರೀ ಅಳೂದು. ಒಬ್ಬರರ ಕೆಲಸ ಮಾಡ್ತಾರೇನು ಅದರಾಗ?" ಎನ್ನುತ್ತಿದ್ದರು. ಈ ಜಪಾನಿ ಧಾರಾವಾಹಿಗಳಲ್ಲಿ ಜನ ಕೆಲಸ ಮಾಡುತ್ತಿದ್ದರು. ಹಿಮ ಬಾಚುತ್ತಿದ್ದರು, ಸೇಬಿನ ಗಿಡದ ರೆಂಬೆ ಸವರುತ್ತಿದ್ದರು, ಮುದುಕಿಯರು ಸಾಲಾಗಿ ಕೂತು ಮೂಲಂಗಿ ಕಟ್ಟುತ್ತಿದ್ದರು. ಅತ್ತೆಗೆ ಅದು ಹಿಡಿಸಿತು.

ಒಂದು ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾಗ ಪಕ್ಕದ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು.

"ಆ ಮುದುಕಿ ಮಾತಾಡಿದಾಗ ಅಷ್ಟ ಕೆಳಗ ಅಕ್ಷರ ಬರ್ತಾವಲ್ಲ, ಯಾಕ? ಆ ಹುಡುಗಿ ಮಾತಾಡಿದ್ರ ಬರೂದಿಲ್ಲ."

ಮಗಳು ಟಿವಿ ನಿಲ್ಲಿಸಿದಳು. ಅವಳು ನೋಡುತ್ತಿದ್ದದ್ದು ಜಪಾನಿನಲ್ಲೇ ಪ್ರಸಾರವಾಗುವ ಪ್ರತಿ. ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಇರಲಿಲ್ಲ. ಇದ್ದದ್ದು ಜಪಾನಿ ಅಕ್ಷರ, ಅದೂ ಹಳ್ಳಿಯವರು ಮಾತಾಡಿದಾಗ ಮಾತ್ರ. ಅತ್ತೆಗೆ ಒಂದು ಅಕ್ಷರವೂ ಗೊತ್ತಿರಲಿಲ್ಲ, ಆದರೆ ಯಾರ ಮಾತಿಗೆ ಬರುತ್ತದೆ, ಯಾರ ಮಾತಿಗೆ ಬರುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಮಗಳು ಇಂಗ್ಲಿಷಿನಲ್ಲಿ ಹೇಳಲು ಹೋಗಿ ನಿಂತಳು. ಅತ್ತೆಗೆ ಅಷ್ಟು ಇಂಗ್ಲಿಷ್ ಬಾರದು. ಆಮೇಲೆ ನಿಧಾನವಾಗಿ, ಒಂದೊಂದೇ ಪದ ಹುಡುಕುತ್ತ ಅವಳು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ.

"ಆ ಹುಡುಗಿ ಟೋಕಿಯೋದಾಕಿ, ಆಯಿ. ಅಕಿ ಮಾತು ಎಲ್ಲಾರಿಗಿ ತಿಳಿತದ. ಆ ಮುದುಕಿ ಮಾತು ಸಿಟಿಯವ್ರಿಗಿ ತಿಳಿಯೂದಿಲ್ಲ. ಅದಕ್ಕ ಕೆಳಗ ಬರಿತಾರ."

"ಅಂದ್ರ ನಮ್ಮಂಗ" ಎಂದರು ಅತ್ತೆ. "ಮುಂದ ಹಚ್ಚು."

ನಾನು ಕೂತಲ್ಲೇ ಕೂತಿದ್ದೆ. ಮಗಳು ಕನ್ನಡ ಮಾತಾಡಿದ್ದಳು, ಅದೂ ನನ್ನ ಕನ್ನಡವಲ್ಲ. ಪೂರ್ತಿ ವಿಜಯಪುರದ ಮಾತು. ಇಷ್ಟು ವರ್ಷ ಕಿವಿಗೆ ಬಿದ್ದದ್ದೆಲ್ಲ ಒಳಗೆ ಹಾಗೇ ಕೂತಿತ್ತು.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ತೆರೆಯ ಮೇಲೆ ಯಾರೋ ಏನೋ ಹೇಳುವರು, "ಏನಂತಾಳಕಿ?" ಎಂದು ಅತ್ತೆ ಕೇಳುವರು, ಮಗಳು ಹೇಳಲೇಬೇಕು. ತ್ಸುಗಾರು ಮಾತು ಅವಳಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಕೆಳಗಿನ ಅಕ್ಷರ ಓದಿ, ಅರ್ಥ ಮಾಡಿಕೊಂಡು, ಕನ್ನಡಕ್ಕೆ ತಿರುಗಿಸುವಳು. ಪದ ಸಿಗದಿದ್ದಾಗ ಕೈಯಲ್ಲಿ ಮಾಡಿ ತೋರಿಸುವಳು, ಅತ್ತೆ ಪದ ಕೊಡುವರು. ನಾನು ಸಂಜೆ ಟ್ಯೂಬ್ ರೈಲು ಇಳಿದು ಮನೆಗೆ ಬರುವ ಹೊತ್ತಿಗೆ ಇಬ್ಬರೂ ಯಾವುದೋ ಸೊಸೆಯ ಪರವೋ ವಿರೋಧವೋ ಜೋರಾಗಿ ವಾದ ಮಾಡುತ್ತಿರುತ್ತಿದ್ದರು. ಆ ಸೀಮೆಯಲ್ಲಿ "ದೊ ಸಾ" ಎಂದರೆ ಎಲ್ಲಿಗೆ ಹೊರಟೆ, "ಯು ಸಾ" ಎಂದರೆ ಸ್ನಾನಕ್ಕೆ, ಅಷ್ಟರಲ್ಲೇ ಮಾತು ಮುಗಿಯುತ್ತದೆ ಎಂದು ಮಗಳು ಹೇಳಿದಳು. ಚಳಿಗೆ ಬಾಯಿ ತೆರೆಯಲಾರದೆ ಹಾಗೆ ಮಾತಾಡುತ್ತಾರೆ ಎಂದು ಅಲ್ಲಿಯವರೇ ತಮಾಷೆ ಮಾಡುತ್ತಾರಂತೆ.

"ಅವ್ರು ಥಂಡಿಗಿ ಬಾಯಿ ಮುಚ್ಚತಾರ, ನಾವು ಬಿಸಲಿಗಿ ಬಾಯಿ ತೆರಿತೀವಿ" ಎಂದರು ಅತ್ತೆ.

ಮೈಸೂರಿನಿಂದ ನನ್ನ ಅಕ್ಕ ವಿಡಿಯೋ ಕಾಲ್ ಮಾಡಿದಾಗ ಮಗಳು "ಆರಾಮ ಅದೀರಿ ದೊಡ್ಡಮ್ಮ?" ಎಂದು ಕೇಳಿದಳು. ಅಕ್ಕ ತಬ್ಬಿಬ್ಬಾದಳು. "ಏನೇ ಇದು, ನಿನ್ನ ಮಗಳು ಥೇಟ್ ನಿಮ್ಮ ಅತ್ತೆ ಥರ ಮಾತಾಡ್ತಾಳಲ್ಲ" ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ಮಾತು ಬಿಟ್ಟು ಅವರ ಮಾತು ಹಿಡಿದಳಲ್ಲ ಎಂದು ಒಂದು ಕ್ಷಣ ಚುರುಕ್ಕೆಂದದ್ದು ನಿಜ. ಅದು ಆ ಕಾಲ್ ಮುಗಿಯುವವರೆಗೂ ಉಳಿಯಲಿಲ್ಲ. "ಹೌದು, ಅವರ ಹಾಗೇ" ಎಂದೆ, ಸ್ವಲ್ಪ ಜಂಬದಿಂದಲೇ.

ಮಗಳು ನೋಡಿದ್ದರಲ್ಲಿ ಒಂದು ಸಿನಿಮಾ ಅಜ್ಜಿ ಮೊಮ್ಮಗಳು ಇಬ್ಬರಿಗೂ ಎಲ್ಲಕ್ಕಿಂತ ಹಿಡಿಸಿತ್ತು. ದೊಡ್ಡ ಸಿನಿಮಾ ಏನಲ್ಲ. ಟೋಕಿಯೋದ ಒಬ್ಬ ಯುವ ಡಾಕ್ಟರು, ಹೆಣ್ಣುಮಗಳು, ಹಿಮ ತುಂಬಿದ ತ್ಸುಗಾರು ಹಳ್ಳಿಯ ಚಿಕಿತ್ಸಾಲಯಕ್ಕೆ ಬರುತ್ತಾಳೆ. ಬರುವ ರೋಗಿಗಳೆಲ್ಲ ಮುದುಕಿಯರು. ಅವರು ಹೇಳುವ ನೋವು ಇವಳಿಗೆ ಅರ್ಥವಾಗುವುದಿಲ್ಲ. ಒಬ್ಬ ಮುದುಕಿ ತನ್ನ ಹೊಟ್ಟೆ "ನಿಯಾ ನಿಯಾ" ಅನ್ನುತ್ತಿದೆ ಎನ್ನುತ್ತಾಳೆ. ಟೋಕಿಯೋ ಮಾತಿನಲ್ಲಿ ಹಾಗೆಂದರೆ ಮುಸಿಮುಸಿ ನಗುವುದು. ತ್ಸುಗಾರುವಿನಲ್ಲಿ ಅದು ಹೊಟ್ಟೆಯೊಳಗೆ ಸಣ್ಣಗೆ ನೋಯುವುದು. ಹೊಟ್ಟೆ ನಗುತ್ತಿದೆ ಎನ್ನುವ ಮುದುಕಿಯ ಮುಂದೆ ಡಾಕ್ಟರು ತಾನೂ ನಕ್ಕುಬಿಡುತ್ತಾಳೆ. ಮುದುಕಿ ಎದ್ದು ಹೋಗುತ್ತಾಳೆ. ಸಿನಿಮಾದ ಉಳಿದ ಭಾಗವೆಲ್ಲ ಡಾಕ್ಟರು ಆ ಊರಿನ ನೋವಿನ ಮಾತುಗಳನ್ನು ಕಲಿಯುವ ಕಥೆ.

ಅತ್ತೆ ಆ ದೃಶ್ಯವನ್ನು ಮತ್ತೆ ಹಾಕಿಸಿಕೊಂಡು ನೋಡಿದರು. ಆಗಿನ್ನೂ ಅವರಿಗೆ ಆಸ್ಪತ್ರೆಯ ಓಡಾಟ ಮುಗಿದಿರಲಿಲ್ಲ. ಕಾಲಿನ ವ್ಯಾಯಾಮ ಮಾಡಿಸುವ ಹುಡುಗಿ ನೋವು ಎಷ್ಟಿದೆ, ಒಂದರಿಂದ ಹತ್ತರೊಳಗೆ ಹೇಳಿ ಎಂದರೆ, ಅತ್ತೆ "ಎಣಸೂದೇನದ, ಸೆಳಿತದ ಅಂತ ಹೇಳು" ಎನ್ನುತ್ತಿದ್ದರು. ಜೊತೆಗೆ ಹೋಗುತ್ತಿದ್ದ ಮಗಳು ಸೆಳೆಯುವುದಕ್ಕೂ ಸಿಡಿಯುವುದಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ ಹುಡುಕಿ ಹೇಳುವಳು. ಆ ಹುಡುಗಿ ಅದನ್ನೆಲ್ಲ ಬರೆದುಕೊಂಡು, ವ್ಯಾಯಾಮವನ್ನೇ ಬದಲಾಯಿಸಿದಳು. ಕಾಲು ಬೇಗ ಹಿಡಿತಕ್ಕೆ ಬಂತು.

ವಸಂತ ಬರುವ ಹೊತ್ತಿಗೆ ನಮ್ಮ ಕಡೆಯ ಕನ್ನಡ ಕೂಟದಿಂದ ಫೋನ್ ಬಂತು. ಹಿರಿಯರಿಗಾಗಿ ಭಾನುವಾರ ಮಧ್ಯಾಹ್ನಗಳಲ್ಲಿ ಅವರು ಏನಾದರೂ ನಡೆಸುತ್ತಾರೆ. ಅದನ್ನು ನೋಡಿಕೊಳ್ಳುವವರು ಬೆಂಗಳೂರಿನ ನಿವೃತ್ತ ಎಂಜಿನಿಯರ್, ಒಳ್ಳೆಯ ಮನುಷ್ಯ. ಅತ್ತೆ ಜಪಾನಿ ಸಿನಿಮಾದ ಕಥೆಗಳನ್ನು ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ಹೇಳಿ ಸುದ್ದಿ ಅವರವರೆಗೂ ಹೋಗಿತ್ತು. ಒಂದು ಸಿನಿಮಾ ತೋರಿಸಬಹುದೇ ಎಂದು ಕೇಳಿದರು. ಮಗಳು ತನ್ನ ಟೀಚರ್ ಮೂಲಕ ಆ ಡಾಕ್ಟರ್ ಸಿನಿಮಾಕ್ಕೆ ಒಪ್ಪಿಗೆ ತರಿಸಿಕೊಂಡಳು. ಆದರೆ ಕನ್ನಡದಲ್ಲಿ ಅಕ್ಷರ ಹಾಕಿದರೆ, ಕಣ್ಣು ಮಂಜಾದ ಹಿರಿಯರು ಓದುವುದು ಹೇಗೆ? ಅದಕ್ಕೇ ಅವಳು ಬೇರೆ ದಾರಿ ಹುಡುಕಿದಳು. ಮೂಲದ ದನಿಯನ್ನು ಸಣ್ಣಗೆ ಮಾಡಿ, ತೆರೆಯ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಮಾತು ಹೇಳುವುದು. ಮುದುಕಿಯರ ಮಾತೆಲ್ಲ ಆಯಿ. ಡಾಕ್ಟರ ಮಾತು ಅಮ್ಮ. ಉಳಿದದ್ದೆಲ್ಲ ತಾನು.

"ನನಗೆ ನಾಟಕ ಗೀಟಕ ಬರೋದಿಲ್ಲ ಕಣೇ" ಎಂದೆ.

"ನಾಟಕ ಮಾಡಬ್ಯಾಡ ಅಮ್ಮ. ಮನ್ಯಾಗ ಆಯಿ ಜೋಡಿ ಹೆಂಗ ಮಾತಾಡ್ತಿ, ಹಂಗ ಮಾತಾಡು. ಅಷ್ಟ ಸಾಕು."

ಕನ್ನಡಕ್ಕೆ ತಿರುಗಿಸುವಾಗ ಆ ನಗುವ ಹೊಟ್ಟೆಯ ಹತ್ತಿರ ಅವಳು ಸಿಕ್ಕಿಬಿದ್ದಳು. ಮುದುಕಿಗೆ ನೋವಾಗಿ ಕೇಳಬೇಕು, ಡಾಕ್ಟರಿಗೆ ಬೇರೇನೋ ಆಗಿ ಕೇಳಬೇಕು. ಅಂಥ ಒಂದು ಕನ್ನಡ ಪದ ಬೇಕು. ಊಟಕ್ಕೆ ಕೂತಾಗಲೂ ಅದೇ ಚಿಂತೆ. ಕೊನೆಗೆ ಅತ್ತೆಯೇ ನನ್ನ ಕಡೆ ನೋಡಿ ನಕ್ಕರು.

"ನಿಮ್ಮವ್ವ ಮದಿವ್ಯಾಗಿ ಬಂದಾಗ ನಾ ಒಮ್ಮಿ ಹೊಟ್ಟಿ ಕಡಿಯಾಕತ್ತದ ಅಂದೆ. ಇಕಿ ತುರಕಿ ಮುಲಾಮ ತಂದು ಕೊಟ್ಲು."

ಮಗಳಿಗೆ ಅದು ಗೊತ್ತಿರಲಿಲ್ಲ. ನಮ್ಮ ಮೈಸೂರು ಕಡೆ ಕಡಿತ ಎಂದರೆ ತುರಿಕೆ. ಅವರ ಕಡೆ ಹೊಟ್ಟೆ ಕಡಿಯುವುದೆಂದರೆ ಹೊಟ್ಟೆ ನೋಯುವುದು. ಹೊಸ ಸೊಸೆಯಾದ ನಾನು ಅಂಗಡಿಗೆ ಓಡಿಹೋಗಿ ಮುಲಾಮು ತಂದದ್ದು, ಅತ್ತೆ ಆ ಡಬ್ಬಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ್ದು, ಎಲ್ಲ ನೆನಪಾಗಿ ನಾವಿಬ್ಬರೂ ಊಟ ನಿಲ್ಲಿಸಿ ನಕ್ಕೆವು. ಮಗಳು ಮಾತ್ರ ನಗಲಿಲ್ಲ. "ಅದ ಬೇಕಾಗಿತ್ತು ನನಗ" ಎಂದು ಎಂಜಲು ಕೈಯಲ್ಲೇ ಎದ್ದು ಹೋದಳು.

ತೊಡಕು ಬಂದದ್ದು ಆಮೇಲೆ. ಕೂಟದ ಹಿರಿಯರಾದ ಆ ಎಂಜಿನಿಯರ್ ನಮ್ಮ ತಾಲೀಮು ನೋಡಲು ಮನೆಗೆ ಬಂದರು. ಸ್ವಲ್ಪ ಹೊತ್ತು ಕೇಳಿ, ಕಾಫಿ ಲೋಟ ಕೆಳಗಿಟ್ಟರು.

"ತುಂಬಾ ಚೆನ್ನಾಗಿದೆ ಪುಟ್ಟಿ. ಒಂದೇ ಒಂದು ಮಾತು. ಉಡುಪಿಯವರು, ಕುಂದಾಪುರದವರು, ಬೆಂಗಳೂರಿನವರು ಎಲ್ಲಾ ಬರ್ತಾರೆ. ಎಲ್ಲರಿಗೂ ಅರ್ಥ ಆಗೋ ಕನ್ನಡದಲ್ಲಿ ಮಾಡಿದ್ರೆ ಒಳ್ಳೇದಲ್ವಾ?"

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಎಲ್ಲ ಕಡೆಯವರು ಸೇರಿದಾಗ ನಾವೆಲ್ಲ ತಾನಾಗಿ ಬೆಂಗಳೂರಿನ ಕನ್ನಡಕ್ಕೆ ಜಾರುವುದು ಇಲ್ಲಿ ರೂಢಿ. ನನ್ನ ಗಂಡನೇ ಅಲ್ಲಿ "ಹೌದಾ, ಹಾಗಾ" ಎನ್ನುತ್ತಾರೆ. ನಾನು ಏನಾದರೂ ಹೇಳಿ ಸರಿದೂಗಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗಳೇ ಶುರು ಮಾಡಿದಳು.

"ಅಂಕಲ್, ಈ ಸಿನಿಮಾದಾಗ ಎಲ್ಲಾರೂ ಒಂದ ಥರಾ ಮಾತಾಡಿದ್ರ ಸಿನಿಮಾನ ಇರೂದಿಲ್ರಿ. ಡಾಕ್ಟರಿಗಿ ತಿಳಿಯೂದಿಲ್ಲ ಅನ್ನೂದ ಕಥಿ. ಬೇಕಂದ್ರ ಒಂದು ಮಾಡಬಹುದು. ಆಯಿ ಮಾತಾಡಿದಾಗ ಅಷ್ಟ ಕೆಳಗ ದೊಡ್ಡ ಅಕ್ಷರದಾಗ ಬೆಂಗಳೂರ ಕನ್ನಡ ಹಾಕ್ತೀನಿ. ಜಪಾನದಾಗ ಹಂಗ ಮಾಡ್ತಾರ."

ಹಿರಿಯರು ತಲೆದೂಗಿದರು. ಅದು ಒಳ್ಳೆಯ ಉಪಾಯವೆಂದು ನನಗೂ ಅನ್ನಿಸಿತು. ಅತ್ತೆ ಮಾತ್ರ ಒಪ್ಪಲಿಲ್ಲ.

"ನನ್ನ ಮಾತಿಗಿ ಕೆಳಗ ಅಕ್ಷರ ಬ್ಯಾಡ" ಎಂದರು. ದನಿ ಏರಿಸಲಿಲ್ಲ. "ನಾನೂ ಕನ್ನಡಾನ ಮಾತಾಡ್ತೀನ್ರಿ. ಕುಂತು ಕೇಳಿದ್ರ ತಿಳಿತದ. ಆ ಡಾಕ್ಟರ್ ಹುಡುಗಿ ಕಲೀಲಿಲ್ಲೇನು? ಹಂಗ ಇವ್ರೂ ಕಲೀಲಿ."

ಆಮೇಲೆ ಹಿರಿಯರು ನಕ್ಕರು. "ಆಯ್ತಮ್ಮ, ಹಾಗೇ ಆಗಲಿ. ನಾನೇ ಮುಂದೆ ಕೂತು ಕಲೀತೀನಿ" ಎಂದು ಕಾಫಿ ಮುಗಿಸಿದರು. ಅವರು ಹೋದ ಮೇಲೆ ಮಗಳು ಅಜ್ಜಿಯ ಪಕ್ಕ ಕೂತು ಅವರ ಭುಜಕ್ಕೆ ತಲೆ ಒರಗಿಸಿದಳು.

ಆ ಭಾನುವಾರ ಹಾಲ್ ನಾವೆಣಿಸಿದ್ದಕ್ಕಿಂತ ಹೆಚ್ಚು ತುಂಬಿತ್ತು. ನನ್ನ ಗಂಡ ಪಕ್ಕದ ಕೋಣೆಯಿಂದ ಕುರ್ಚಿ ಹೊತ್ತು ತಂದರು. ಉಡುಪಿಯ ಹೋಟೆಲಿನ ಕುಟುಂಬವೊಂದು ಗೋಳಿಬಜೆ ತಂದಿತ್ತು, ಅದರ ಪರಿಮಳ ತೆರೆಯವರೆಗೂ ಬರುತ್ತಿತ್ತು. ಮಗಳ ಟೀಚರ್ ಕೂಡ ಬಂದಿದ್ದರು. ಸಣ್ಣ ಮೈಕಟ್ಟಿನ, ಬೂದು ಕೂದಲಿನ ಹೆಂಗಸು. ಎಲ್ಲರಿಗೂ ಬಾಗಿ ವಂದಿಸಿ ಕೊನೆಯ ಸಾಲಿನಲ್ಲಿ ಕೂತರು. ಅವರಿಗೆ ಕನ್ನಡದ ಒಂದು ಪದವೂ ಬಾರದು.

ಸಿನಿಮಾ ಶುರುವಾಗುತ್ತಲೇ ಎರಡು ಮೈಕುಗಳಲ್ಲಿ ಒಂದು ಕೆಟ್ಟಿತು. ಮಗಳ ಮುಖ ಬಿಳಿಚಿಕೊಂಡಿತು. ಅತ್ತೆ ತಮ್ಮ ಕೈಯಲ್ಲಿದ್ದ ಸರಿಯಾದ ಮೈಕನ್ನು ನಮ್ಮ ಕಡೆ ಸರಿಸಿ, "ನೀವ ಇಟ್ಕೋರಿ. ನನಗ ಇದರ ಗರಜ ಇಲ್ಲ" ಎಂದರು. ಇರಲೂ ಇಲ್ಲ. ಅವರು ಬಾಯಿ ತೆರೆದರೆ ಹೊರಗಿನ ಕಾರ್ ಪಾರ್ಕಿಗೂ ಕೇಳುತ್ತಿತ್ತು.

ಮೊದಲ ಕೆಲವು ನಿಮಿಷ ಜನ ಪಿಸುಗುಟ್ಟಿದರು. ಏನಂದರು, ಏನಂದರು ಎಂದು ಒಬ್ಬರನ್ನೊಬ್ಬರು ಕೇಳಿದರು. ಆಮೇಲೆ ಆ ದೃಶ್ಯ ಬಂತು. ತೆರೆಯ ಮೇಲೆ ಮುದುಕಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಾಳೆ. ಅತ್ತೆ ಅಂದರು, "ಡಾಕ್ಟರವ್ವಾ, ಮುಂಜಾನಿಯಿಂದ ಹೊಟ್ಟಿ ಕಡಿಯಾಕತ್ತದ."

ನಾನು ಅಂದೆ, "ಹೌದಾ? ಎಲ್ಲಿ ಕಡೀತಿದೆ ಅಜ್ಜಿ? ಸೊಳ್ಳೆ ಏನಾದ್ರೂ ಕಚ್ಚಿತಾ?"

ಹಾಲಿನ ಅರ್ಧ ಭಾಗ ಒಮ್ಮೆಲೇ ನಕ್ಕಿತು. ಉತ್ತರ ಕರ್ನಾಟಕದವರ ಅರ್ಧ ಅದು. ಉಳಿದರ್ಧ ಏಕೆ ನಗುತ್ತಾರೆಂದು ತಿಳಿಯದೆ ಅವರ ಮುಖ ನೋಡಿತು. ಪಕ್ಕದವರು ವಿವರಿಸಿದ ಮೇಲೆ ಅವರೂ ನಕ್ಕರು. ಆಮೇಲೆ ಮುದುಕಿ ಎದ್ದು ಹೋಗುವಾಗ, ಮಗಳು ಬರೆದುಕೊಟ್ಟಿರದ ಒಂದು ಮಾತನ್ನು ಅತ್ತೆ ಸೇರಿಸಿದರು. "ನನ್ನ ಬ್ಯಾನಿ ನಿನಗ ನಗಿ ಆತೇನವಾ" ಎಂದರು, ಮೆಲ್ಲಗೆ. ತೆರೆಯ ಮೇಲಿನ ಮುದುಕಿ ಬಾಗಿಲು ಎಳೆದುಕೊಂಡು ಹಿಮದಲ್ಲಿ ನಡೆದಳು. ಹಾಲಿನಲ್ಲಿ ಯಾರೂ ನಗಲಿಲ್ಲ. ಅವಳು ಹೋಗುವುದನ್ನೇ ನೋಡುತ್ತ ನಾನು ನನ್ನ ಮುಂದಿನ ಮಾತು ಹೇಳುವುದನ್ನು ಮರೆತೆ. ಮಗಳು ಮೇಜಿನ ಕೆಳಗೆ ನನ್ನ ಕಾಲನ್ನು ಮೆಲ್ಲಗೆ ತಿವಿದಳು, ಹೇಳಿದೆ.

ಅಲ್ಲಿಂದ ಮುಂದೆ ಏನಂದರು ಎಂದು ಯಾರೂ ಕೇಳಲಿಲ್ಲ. ಸಿನಿಮಾದ ಡಾಕ್ಟರು ಒಂದೊಂದೇ ಪದ ಕಲಿತ ಹಾಗೆ ಅವರೂ ಕಲಿತರು. ಕೊನೆಯಲ್ಲಿ ಡಾಕ್ಟರು ಮುದುಕಿಯ ಮನೆಗೇ ಹೋಗಿ, ಅವಳ ಮಾತಿನಲ್ಲೇ ನೋವು ಹೇಗಿದೆ ಎಂದು ಕೇಳುತ್ತಾಳೆ. ಅಂದರೆ ನಾನು ಅಲ್ಲಿ ವಿಜಯಪುರದ ಕನ್ನಡ ಆಡಬೇಕಿತ್ತು. "ಈಗ ಹೆಂಗ ಅದ ಆಯಿ, ಇನ್ನೂ ಕಡಿತದೇನು?" ಎಂದೆ. ತಾಲೀಮನ್ನು ಬಿಟ್ಟರೆ, ಮದುವೆಯಾಗಿ ಇಷ್ಟು ವರ್ಷಕ್ಕೆ ಅದೇ ಮೊದಲು ನಾನು ಅವರ ಮಾತು ಆಡಿದ್ದು. ಅತ್ತೆ ತೆರೆ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿ ಉತ್ತರ ಹೇಳಿದರು.

ದೀಪ ಹೊತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೂಟದ ಹಿರಿಯರು ಮೈಕ್ ಹಿಡಿದು ನಮ್ಮನ್ನು ಹೊಗಳುವ ಮೊದಲು, "ನಂಗ ತಿಳೀತ್ರಿ ಅಮ್ಮ" ಎಂದು ಅತ್ತೆಗೆ ಅವರದೇ ಮಾತಿನಲ್ಲಿ, ಸ್ವಲ್ಪ ತಪ್ಪಾಗಿ ಹೇಳಿದರು. ಕುಂದಾಪುರದ ಒಬ್ಬ ಅಜ್ಜಿ ಮಗಳ ಕೈ ಹಿಡಿದು, ಸಮುದ್ರದ ಕಡೆಯ ಜಪಾನಿ ಸಿನಿಮಾ ಇದ್ದರೆ ತಾನು ಮಾತಾಡುತ್ತೇನೆ ಎಂದರು. ನನ್ನ ಗಂಡ ಕುರ್ಚಿ ಮಡಚುತ್ತ ಯಾರ ಜೊತೆಯೋ ಗಟ್ಟಿಯಾಗಿ, ಮನೆಯಲ್ಲಿ ಆಡುವ ಹಾಗೆಯೇ ವಿಜಯಪುರದ ಮಾತು ಆಡುತ್ತಿದ್ದರು.

ಟೀಚರ್ ಕೊನೆಯಲ್ಲಿ ಬಂದರು. ಇಂಗ್ಲಿಷಿನಲ್ಲಿ, ಪದಗಳನ್ನು ಆರಿಸಿಕೊಂಡು ಅವರು ಹೇಳಿದ್ದು ಇಷ್ಟು. ಸಿನಿಮಾದ ನಡುವೆ ಒಂದು ಕಡೆ ಅವರು ಬೇಕೆಂದೇ ಕಣ್ಣು ಮುಚ್ಚಿ ಕೇಳಿದರಂತೆ. ಯಾರು ಹಳ್ಳಿಯವರು, ಯಾರು ಪಟ್ಟಣದವರು ಎಂದು ದನಿಯಿಂದಲೇ ಗೊತ್ತಾಯಿತಂತೆ. ಟೋಕಿಯೋಗೆ ಓದಲು ಹೋದಾಗ ಜನ ನಗುತ್ತಾರೆಂದು ತಾನು ಊರಿನ ಮಾತು ನಿಲ್ಲಿಸಿದವಳು, ಇವತ್ತು ಮನೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿ ಅದೇ ಮಾತಿನಲ್ಲಿ ಮಾತಾಡುತ್ತೇನೆ ಎಂದರು. ಮಗಳು ಅದನ್ನು ಅಜ್ಜಿಗೆ ತಿಳಿಸಿದಳು. ಅತ್ತೆ ಟೀಚರ ಎರಡೂ ಕೈ ಹಿಡಿದು, "ಮಾತಾಡವಾ, ಮಾತಾಡು. ನಗೂವ್ರು ನಗಲಿ" ಎಂದರು. ಮಗಳು ಅದನ್ನು ಜಪಾನಿಗೆ ತಿರುಗಿಸಿದಳು. ಎರಡೂ ಕಡೆಗೆ ಅವಳು ಎಷ್ಟು ಸಲೀಸಾಗಿ ಹೋಗಿಬರುತ್ತಿದ್ದಳೆಂದರೆ ನಾನು ಕೈಯಲ್ಲಿದ್ದ ತಟ್ಟೆಯನ್ನು ಮರೆತು ನೋಡುತ್ತ ನಿಂತೆ.

ಸೋಮವಾರ ಆಫೀಸಿನಲ್ಲಿ ಪಕ್ಕದ ಮೇಜಿನವಳು ಎಂದಿನಂತೆ ವೀಕೆಂಡ್ ಹೇಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು, ನಿನ್ನದು ಹೇಗಿತ್ತು ಎಂದು ಕೇಳಿ ಮುಗಿಸುವುದು ನನ್ನ ಅಭ್ಯಾಸ. ಅವತ್ತು ಹಾಗೆ ಹೇಳಲಿಲ್ಲ. ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡು, "ನನ್ನ ಮಗಳ ವಿಷಯ ಹೇಳ್ತೀನಿ ಕೇಳು" ಎಂದು ಶುರು ಮಾಡಿದೆ. ಅವಳ ಟೀ ತಣ್ಣಗಾಗುವವರೆಗೂ ಹೇಳಿದೆ.